ಖಾಲಿ ಹೊಟ್ಟೆಯ ಮೋಟಾರ್‌ಸೈಕಲ್ಲು

ಎರಡು ಗಂಟೆ ಎಂದರೆ ಎರಡೇ ಗಂಟೆ. ಗರ್ಭಿಣಿಯರಿಗೆ ಮಾಡುವ ಸಕ್ಕರೆ ಪರೀಕ್ಷೆಯಲ್ಲಿ ಮೊದಲು ಖಾಲಿ ಹೊಟ್ಟೆಯ ರಕ್ತ ತೆಗೆಯಬೇಕು, ಆಮೇಲೆ ಗ್ಲೂಕೋಸ್ ನೀರು ಕುಡಿಸಬೇಕು, ಕುಡಿದು ಸರಿಯಾಗಿ ಎರಡು ಗಂಟೆಗೆ ಇನ್ನೊಮ್ಮೆ ರಕ್ತ ತೆಗೆಯಬೇಕು. ಆ ಎರಡನೆಯ ರಕ್ತಕ್ಕೆಂದು ನಾನು ಬೆಲ್ ಒತ್ತಿದಾಗ, ನೀರು ಕುಡಿದು ಎರಡು ಗಂಟೆ ನಲವತ್ತು ನಿಮಿಷವಾಗಿತ್ತು.

ಹೈದರಾಬಾದಿನ ಕೊಂಡಾಪುರದ ಆ ಅಪಾರ್ಟ್‌ಮೆಂಟಿನ ಏಳನೆಯ ಮಹಡಿಯಲ್ಲಿ ಬಾಗಿಲು ತೆರೆದವರು ಆರು ತಿಂಗಳ ಬಸುರಿ. ಹುಬ್ಬಳ್ಳಿ ಕಡೆಯವರು, ಗಂಡ ಹೆಂಡತಿ ಇಬ್ಬರಿಗೂ ಸಾಫ್ಟ್‌ವೇರ್ ಕೆಲಸ. ಬೆಳಿಗ್ಗೆಯಿಂದ ಆ ಸಿಹಿ ನೀರೊಂದನ್ನೇ ಕುಡಿದು, ವಾಂತಿ ತಡೆದುಕೊಂಡು, ಸೋಫಾದ ತುದಿಯಲ್ಲಿ ಕೂತು ನನ್ನ ದಾರಿ ನೋಡಿದ್ದರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ.

“ಆ ನೀರು ಮತ್ತ ಕುಡೀಬೇಕೇನ್ರಿ?” ಎಂದಷ್ಟೇ ಕೇಳಿದರು.

“ತಪ್ಪಾತ್ರಿ ಮೇಡಂ. ಶೇರ್ ಆಟೊ ಸಿಗ್ಲಿಲ್ಲ,” ಎಂದೆ. ಅದು ನಿಜ. ಆದರೆ ನಿಜ ಹೇಳಿದರೂ ನೆಪದಂತೆ ಕೇಳಿಸುವ ಮಾತು ಅದು.

ಅವರು ಡಾಕ್ಟರಿಗೆ ಫೋನ್ ಮಾಡಿದರು. ಇದು ಲೆಕ್ಕಕ್ಕಿಲ್ಲ, ಮುಂದಿನ ತಿಂಗಳು ತಪಾಸಣೆಗೆ ಬರುವ ಮುಂಚೆ ಮತ್ತೆ ಮಾಡಿಸಿ ಎಂದರಂತೆ. ನಾನು ರಕ್ತದ ಟ್ಯೂಬುಗಳ ಡಬ್ಬಿ ಎತ್ತಿಕೊಂಡು ಬಾಗಿಲಿಗೆ ಬಂದಾಗ ಹಿಂದಿನಿಂದ ಕರೆದರು.

“ಮುಂದಿನ ಸಲಾನೂ ನೀವೇ ಬರ್ರಿ. ನಿಮ್ಮ ಕೈ ಹಗರ ಐತಿ, ಸೂಜಿ ಚುಚ್ಚಿದ್ದು ಗೊತ್ತಾಗಂಗಿಲ್ಲ. ಆದ್ರ ಟೈಮಿಗೆ ಬರ್ರಿ.”

ಲಿಫ್ಟಿನಲ್ಲಿ ಇಳಿಯುವಾಗ ನನ್ನ ಮುಖವನ್ನು ಅಲ್ಲಿನ ಕನ್ನಡಿಯಲ್ಲಿ ನೋಡಿಕೊಳ್ಳಲು ಮನಸ್ಸಾಗಲಿಲ್ಲ.

ನಾನು ರಕ್ತ ಪರೀಕ್ಷೆಯ ಲ್ಯಾಬೊಂದರಲ್ಲಿ ಎರಡು ವರ್ಷ ಒಳಗಿನ ಕೆಲಸ ಮಾಡಿ, ಮನೆಮನೆಗೆ ಹೋಗಿ ರಕ್ತ ತರುವ ರೂಟಿಗೆ ಬಂದು ಮೂರು ತಿಂಗಳಾಗಿತ್ತು. ಕೊಂಡಾಪುರದಲ್ಲಿ ಆಗ ವಾರಕ್ಕೊಂದು ಹೊಸ ಅಪಾರ್ಟ್‌ಮೆಂಟು ಏಳುತ್ತಿತ್ತು. ಬಂದವರೆಲ್ಲ ಕಂಪ್ಯೂಟರಿನ ಮುಂದೆ ಕೂತು ಕೂತು ಮೂವತ್ತಕ್ಕೇ ಸಕ್ಕರೆ, ಕೊಬ್ಬು, ಥೈರಾಯಿಡ್ ಎಂದು ಚೀಟಿ ಹಿಡಿದವರು. ಬೆಳಿಗ್ಗೆ ಆರರಿಂದ ಹತ್ತರೊಳಗೆ ಎಂಟು ಮನೆ. ನಾನಿದ್ದದ್ದು ಮೆಹದಿಪಟ್ಟಣಂನಲ್ಲಿ. ಮೊದಲ ಬಸ್ಸು ಹಿಡಿದು, ಐಸ್ ಡಬ್ಬಿಯನ್ನು ಕೈಗೂಸಿನಂತೆ ತೊಡೆಯ ಮೇಲೆ ಇಟ್ಟುಕೊಂಡು ಹೋಗುವುದು, ಅಲ್ಲಿಂದ ಶೇರ್ ಆಟೊ, ಅಲ್ಲಿಂದ ನಡಿಗೆ. ಇನ್ನೂ ಒಂದು ತಾಪತ್ರಯವಿತ್ತು. ರಕ್ತ ಬಹಳ ಕುಲುಕಿದರೆ ಅದರ ಕಣಗಳು ಒಡೆದು, ತಿಳಿಹಳದಿಯಾಗಿ ಬರಬೇಕಾದ ಮೇಲಿನ ನೀರು ಕೆಂಪಾಗುತ್ತದೆ. ಆಮೇಲೆ ಅದು ಪರೀಕ್ಷೆಗೆ ಬಾರದು. ಶೇರ್ ಆಟೊದ ಹಿಂದಿನ ಸೀಟಿನಲ್ಲಿ ಮನುಷ್ಯನ ಎಲುಬೇ ಒಡೆಯುವಂತಿರುವಾಗ ರಕ್ತದ ಕಣ ಯಾವ ಲೆಕ್ಕ?

ಆ ದಿನ ಲ್ಯಾಬಿಗೆ ಬಂದಾಗ ಸೂಪರ್‌ವೈಸರ್ ನನ್ನ ಎರಡು ಟ್ಯೂಬುಗಳನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದರು. ಎರಡೂ ಕೆಂಪು. ತೆಲುಗರು, ಮೆಲ್ಲಗೆ ಮಾತಾಡುವವರು. ಮೆಲ್ಲಗೇ ಹೇಳಿದರು. ಐದು ವಾರ ಸಮಯ. ಅಷ್ಟರೊಳಗೆ ನನ್ನ ಹೆಸರಲ್ಲಿ ಗಾಡಿ, ನನ್ನ ಜೇಬಲ್ಲಿ ಲೈಸೆನ್ಸ್ ಇರಬೇಕು. ಇಲ್ಲದಿದ್ದರೆ ಕೊಂಡಾಪುರದ ರೂಟು ಬೇರೆಯವರಿಗೆ. ಒಳಗಿನ ನನ್ನ ಹಳೆಯ ಕುರ್ಚಿಯಲ್ಲಿ ಆಗಲೇ ಬೇರೊಬ್ಬರು ಕೂತಿದ್ದರು. ರೂಟು ಹೋದರೆ ಕೆಲಸವೇ ಹೋದಂತೆ ಎಂಬುದನ್ನು ಅವರು ಬಾಯಿಬಿಟ್ಟು ಹೇಳಲಿಲ್ಲ. ಅಂಗೈ ಹುಣ್ಣಿಗೆ ಕನ್ನಡಿ ಏಕೆ?

ನನಗೆ ಆಗ ಇಪ್ಪತ್ತೊಂಬತ್ತು ವರ್ಷ. ಮೋಟಾರ್‌ಸೈಕಲ್ ಹಿಂದಿನ ಸೀಟಿನಲ್ಲಿ ಕೂತು ಗೊತ್ತೇ ಹೊರತು ಮುಂದಿನದರಲ್ಲಿ ಕೂತವನಲ್ಲ. ಅದೇ ವಾರ ಆರ್‌ಟಿಓ ಆಫೀಸಿಗೆ ಹೋಗಿ, ಕಂಪ್ಯೂಟರಿನ ಮುಂದೆ ಸಿಗ್ನಲ್ಲಿನ ಚಿತ್ರಗಳಿಗೆ ಉತ್ತರ ಒತ್ತಿ, ಕಲಿಯುವವರ ಲೈಸೆನ್ಸ್ ತಂದೆ. ಮೂವತ್ತು ದಿನ ಕಳೆದ ಮೇಲೆ ಪಕ್ಕಾ ಲೈಸೆನ್ಸಿನ ಪರೀಕ್ಷೆ. ಇನ್ನು ಕಲಿಸುವವರು ಬೇಕಲ್ಲ?

ಕಲಿಸಿದವರು ನಮ್ಮ ಲ್ಯಾಬಿನ ಯಂತ್ರ ರಿಪೇರಿ ಮಾಡುವ ಉಸ್ತಾದ್. ರಕ್ತದ ಟ್ಯೂಬುಗಳನ್ನು ಗರಗರ ತಿರುಗಿಸಿ ನೀರು ಬೇರೆ, ಕಣ ಬೇರೆ ಮಾಡುವ ಯಂತ್ರವೊಂದು ಎಲ್ಲ ಲ್ಯಾಬಿನಲ್ಲೂ ಇರುತ್ತದೆ. ಅದರ ಬೇರಿಂಗ್ ನೋಡಲು ತಿಂಗಳಿಗೊಮ್ಮೆ ನಾಚಾರಂನಿಂದ ಬರುತ್ತಿದ್ದರು. ಬೀದರ್ ಕಡೆಯವರು, ಅರವತ್ತರ ಹತ್ತಿರ ವಯಸ್ಸು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಯಂತ್ರಕ್ಕೆ ಮುಟ್ಟಿಸಿ, ಹಿಡಿಕೆಯನ್ನು ಕಿವಿಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೇಳುತ್ತಿದ್ದರು. ಡಾಕ್ಟರು ಎದೆ ಕೇಳಿದಂತೆ. ನನ್ನ ಫಜೀತಿ ಕೇಳಿ, “ಇತ್ವಾರ ಬಾ ಬೇಟಾ. ನಮ್ಮ ಕಡೆ ಫ್ಯಾಕ್ಟರಿ ಎಲ್ಲಾ ಬಂದ್ ಇರ್ತಾವ. ರಸ್ತಾ ಖಾಲಿ,” ಎಂದರು.

ನಾಚಾರಂನ ಇಂಡಸ್ಟ್ರಿಯಲ್ ಎಸ್ಟೇಟಿನ ಖಾಲಿ ರಸ್ತೆಗಳಲ್ಲಿ ನಾಲ್ಕು ಭಾನುವಾರ ಅವರ ಹಳೆಯ ಗಾಡಿಯ ಮೇಲೆ ಕಲಿತೆ. ಕ್ಲಚ್ ಬಿಡುವಾಗ ಗಾಡಿ ಜಿಗಿದು ನಿಲ್ಲುತ್ತಿತ್ತು. ಮೊದಲ ದಿನ ಎಷ್ಟು ಸಲ ನಿಂತಿತೆಂದರೆ, ಎದುರಿನ ಗೇಟಿನ ವಾಚ್‌ಮನ್ ಕುರ್ಚಿ ತಿರುಗಿಸಿ ಹಾಕಿಕೊಂಡು ನಮ್ಮತ್ತ ಮುಖ ಮಾಡಿ ಕೂತ. ಪುಕ್ಕಟೆ ತಮಾಷೆ ಯಾರಿಗೆ ಬೇಡ? ಉಸ್ತಾದ್ ಒಮ್ಮೆಯೂ ರೇಗಲಿಲ್ಲ. “ಸೂಜಿ ಹೆಂಗ ಹಾಕ್ತಿ? ಝಟ್ ಅಂತ ಹಾಕ್ತಿಯೇನು? ಹಂಗ ಕ್ಲಚ್ ಬಿಡು, ಆಹಿಸ್ತಾ, ಮೆಲ್ಲಕ,” ಎಂದರು. ಅಂದಿನಿಂದ ಕ್ಲಚ್ಚು ನನ್ನ ಮಾತು ಕೇಳತೊಡಗಿತು.

ಗಾಡಿ ಹುಡುಕುವುದು ಬೇರೆಯೇ ಪಾಡು. ಹೊಸದು ನನ್ನ ಕೈಗೆ ಎಟುಕುವಂತಿರಲಿಲ್ಲ. ಹಳೆಯ ಸಾಮಾನು ಕೊಳ್ಳುವ, ಮಾರುವ ಆ್ಯಪು ಆಗಷ್ಟೇ ಎಲ್ಲರ ಫೋನಿಗೂ ಬಂದಿತ್ತು. ಬಸ್ಸಿನಲ್ಲಿ ಕೂತು ಅದನ್ನೇ ನೋಡುತ್ತಿದ್ದೆ. ಎರಡನೆಯ ದಿನವೇ ನಿಧಿ ಸಿಕ್ಕಿತು. ಹೊಸದರಂತೆ ಹೊಳೆಯುವ ಗಾಡಿ, ಅರ್ಧಕ್ಕಿಂತ ಕಡಿಮೆ ಬೆಲೆ. ಮಾರುವವನು ತಾನು ಫೌಜಿನಲ್ಲಿರುವುದಾಗಿಯೂ ದೂರಕ್ಕೆ ವರ್ಗವಾಗಿರುವುದಾಗಿಯೂ ಬರೆದಿದ್ದ. ಫೋನ್ ಮಾಡಿದರೆ ಸಮವಸ್ತ್ರದ ಫೋಟೊ ಕಳಿಸಿದ. ಸ್ವಲ್ಪ ಮುಂಗಡ ಹಾಕಿದರೆ ಗಾಡಿಯನ್ನು ಪಾರ್ಸೆಲ್ಲಿನಲ್ಲಿ ಮನೆಗೇ ಕಳಿಸುತ್ತೇನೆ ಎಂದ. ನಾನು ಸೈನಿಕನೆಂದರೆ ಸೆಟೆದು ನಿಲ್ಲುವ ಪೈಕಿ. ಬ್ಯಾಂಕಿಗೆ ಹೊರಡಲು ಚಪ್ಪಲಿ ಮೆಟ್ಟಿಯಾಗಿತ್ತು.

ಹೆಂಡತಿ ಅಡಿಗೆಮನೆಯಿಂದ ಹೊರಗೆ ಬಂದಳು. “ಎಲ್ಲಿ ಐತಿ ಗಾಡಿ?”

“ಕ್ಯಾಂಪಿನ್ಯಾಗ ಐತಂತ.”

“ನೀವು ನೋಡೀರೇನು?”

“ಫೋಟೊ ನೋಡೀನಿ.”

“ಬದನಿಕಾಯಿ ತರೂವಾಗ ಒಂದೊಂದೂ ಹಿಚುಕಿ ನೋಡ್ತೀರಿ. ಹುಳ ಐತೇನು ಅಂತ ತೊಟ್ಟು ಎತ್ತಿ ನೋಡ್ತೀರಿ. ಇದಕ್ಕ ಫೋಟೊ ಸಾಕೇನ್ರಿ?”

ಚಪ್ಪಲಿ ಬಿಟ್ಟೆ. ಗಾಡಿಯನ್ನು ಬಂದು ನೋಡುತ್ತೇನೆ, ಕ್ಯಾಂಪಿನ ಗೇಟು ಎಲ್ಲಿ ಎಂದು ಆತನಿಗೆ ಸಂದೇಶ ಹಾಕಿದೆ. ಉತ್ತರ ಬರಲಿಲ್ಲ. ಸಂಜೆಗೆ ಜಾಹೀರಾತೇ ಇರಲಿಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹೆಂಡತಿ ಹೇಳಲಿಲ್ಲ. ಆ ರಾತ್ರಿ ಬದನೆಕಾಯಿ ಪಲ್ಯ ಮಾಡಿದಳು, ಅಷ್ಟೆ.

ಮುಖ ನೋಡದವನಿಗೆ ಮುಂಗಡ ಕೊಡಬಾರದು ಎಂಬ ಪಾಠ ಕಲಿತೆನೆಂದು ಬೀಗಿದೆ. ಮುಖ ನೋಡಿಯೂ ಮೋಸ ಹೋಗುವ ದಾರಿ ಇರುತ್ತದೆಂದು ಹೊಳೆಯಲಿಲ್ಲ.

ಎರಡನೆಯ ಗಾಡಿಯ ಫೋಟೊದಲ್ಲಿ ನಾನು ಮೊದಲು ನೋಡಿದ್ದು ಗಾಡಿಯನ್ನಲ್ಲ, ನಂಬರ್ ಪ್ಲೇಟನ್ನು. ಕೆಎ ಮೂವತ್ತೆರಡು. ನಮ್ಮ ಕಲಬುರಗಿಯ ನಂಬರು. ಹೈದರಾಬಾದಿನ ರಸ್ತೆಯಲ್ಲಿ ಆ ನಂಬರು ಕಂಡರೆ ನಮ್ಮ ಕಡೆಯವರಿಗೆ ಏನಾಗುತ್ತದೆಂದು ನಮ್ಮ ಕಡೆಯವರಿಗೇ ಗೊತ್ತು. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತರೆ “ಯಾವೂರ್ರಿ?” ಎಂದು ಕೇಳದೆ ಬಾಯಿ ಸುಮ್ಮನಿರದು. ನಮ್ಮಪ್ಪ ಸರ್ಕಾರಿ ಕೆಲಸದಲ್ಲಿ ಇಲ್ಲಿಗೆ ಬಂದು ಮೂವತ್ತು ವರ್ಷವಾದರೂ ಆ ಚಟ ಬಿಟ್ಟಿರಲಿಲ್ಲ. ನನಗೂ ಅದು ಹಾಗೇ ಬಂದಿತ್ತು.

ಫೋನ್ ಮಾಡಿದೆ. ಆ ಕಡೆಯಿಂದ “ಹೇಳ್ರಿ” ಎಂದ ಧಾಟಿಗೇ ನಾನು ಅರ್ಧ ಸೋತೆ. ಸಂಜೆ ಮನೆ ಹುಡುಕಿಕೊಂಡು ಹೋದರೆ ಕುರ್ಚಿ ಹಾಕಿ ಕೂರಿಸಿದ. ಯಾವ ತಾಲ್ಲೂಕು, ಯಾರ ಪೈಕಿ, ಯಾವ ಸಾಲಿ ಎಂದು ಕೆದಕುತ್ತ ಹೋಗಿ ಕಡೆಗೆ ಇಬ್ಬರಿಗೂ ಗೊತ್ತಿದ್ದ ಒಬ್ಬ ಮೇಷ್ಟ್ರು ಸಿಕ್ಕರು. ಆಮೇಲೆ ಚಹಾ ಬಂತು, ಚಹಾದ ಮೇಲೆ ಚುರುಮುರಿ ಬಂತು. ಗಾಡಿ ಹೊರಗೆ ನಿಂತಿತ್ತು. ಒಂದು ಒದೆತಕ್ಕೆ ಶುರುವಾಯಿತು. ಕತ್ತಲಾಗುತ್ತಿತ್ತು. ಮಾತು ಮನೆ ಕೆಡಿಸಿತು ಅನ್ನುತ್ತಾರಲ್ಲ, ಮಾತಿನ ಗುಂಗಿನಲ್ಲಿ ನಾನು ಗಾಡಿಯ ಸುತ್ತ ಒಂದು ಸುತ್ತೂ ಬರಲಿಲ್ಲ.

“ನಮ್ಮೋರಿಗೇ ಕೊಡೂದು ಅಂತ ಇಟ್ಟೀನ್ರಿ. ನಾಳೆ ನಾಡದು ರೊಕ್ಕ ಕೊಟ್ಟು ಒಯ್ರಿ,” ಎಂದ.

ಆರ್‌ಸಿ ಪುಸ್ತಕದ ಜೆರಾಕ್ಸ್ ಕೊಟ್ಟ. ಅದನ್ನು ಮಡಚಿ ಜೇಬಿಗಿಟ್ಟುಕೊಂಡು, ಸಂಬಂಧಿಕರ ಮನೆಯಿಂದ ಬಂದವನಂತೆ ಖುಷಿಯಾಗಿ ಬಸ್ಸು ಹತ್ತಿದೆ.

ಮರುದಿನ ಉಸ್ತಾದ್ ಲ್ಯಾಬಿಗೆ ಬಂದಿದ್ದರು. ಯಂತ್ರದ ಮುಚ್ಚಳ ತೆಗೆದು ಕೆಲಸ ಮಾಡುತ್ತಲೇ ನನ್ನ ವರ್ಣನೆ ಪೂರ್ತಿ ಕೇಳಿದರು.

“ಇಂಜನ್ ಠಂಡಾ ಇತ್ತೇನು, ನೀ ಹೋದಾಗ?”

ನಾನು ಮುಟ್ಟಿ ನೋಡಿರಲಿಲ್ಲ.

“ನಂಬರ್ ನೋಡ್ದಿ? ಇಂಜನ್ ನಂಬರ್, ಚಾಸಿ ನಂಬರ್?”

“ನಮ್ಮೂರ ಕಡೆಯಾಂವ ಅದಾನ್ರಿ ಉಸ್ತಾದ್. ಅವರ ಸಾಲಿ ಮಾಸ್ತರು ನಮಗೂ ಗೊತ್ತು.”

ಉಸ್ತಾದ್ ಸ್ಕ್ರೂಡ್ರೈವರ್ ಕೆಳಗಿಟ್ಟರು. “ಹೋದ ತಿಂಗಳು ನನ್ನ ಶುಗರ್‌ಗೆ ರಕ್ತ ಯಾರು ತಗದ್ರು?”

“ನಾನಽ.”

“ತಗಿಯೂ ಮುಂಚೆ ಏನು ಕೇಳ್ದಿ?”

ಮೊದಲು ಹೆಸರು ಕೇಳಿದ್ದೆ. ಖಾಲಿ ಹೊಟ್ಟೆಯಲ್ಲಿದ್ದೀರಾ ಎಂದು ಕೇಳಿದ್ದೆ. ಅವರು ಹೇಳಿದ ಹೆಸರನ್ನು ಚೀಟಿಗೆ, ಚೀಟಿಯನ್ನು ಟ್ಯೂಬಿಗೆ ತಾಳೆ ನೋಡಿ ಆಮೇಲೆ ಸೂಜಿ ಎತ್ತಿದ್ದೆ.

“ಎರಡು ವರ್ಷದ ಗುರುತು ನಂದು ನಿಂದು. ದಿನಾ ಉಸ್ತಾದ್ ಉಸ್ತಾದ್ ಅಂತಿ. ಆದ್ರೂ ನನ್ನ ಹೆಸರು ಕೇಳ್ದಿ. ಯಾಕ?”

“ಅದು ರೂಲ್ ಐತ್ರಿ. ಗುರುತು ಇದ್ರೂ ಕೇಳಬೇಕು. ಗುರುತಿದ್ದಲ್ಲೇ ತಪ್ಪಾಗೂದು.”

“ಮತ್ತ ಗಾಡೀಗೆ ರೂಲ್ ಇಲ್ಲೇನು?”

ಈ ಕಸುಬಿಗೆ ಬಂದ ದಿನ ನನಗೆ ಹೇಳಿಕೊಟ್ಟ ಮೊದಲ ಪಾಠ ಅದು. ಹೆತ್ತ ತಾಯಿಯಾದರೂ ಹೆಸರು ಕೇಳದೆ ಸೂಜಿ ಚುಚ್ಚಬೇಡ. ದಿನಕ್ಕೆ ಎಂಟು ಮನೆಯಲ್ಲಿ ಪಾಲಿಸುವ ಆ ಪಾಠವನ್ನು, ನನ್ನ ಅನ್ನದ ಪ್ರಶ್ನೆ ಬಂದಾಗ ಒಂದು ಕಪ್ ಚಹಾದಲ್ಲಿ ಅದ್ದಿ ಕುಡಿದುಬಿಟ್ಟಿದ್ದೆ. ಆ ಮಧ್ಯಾಹ್ನವೇ ಲ್ಯಾಬಿನ ಖಾಲಿ ಚೀಟಿಯೊಂದರ ಹಿಂದೆ ಗಾಡಿಗೆ ಕೇಳಬೇಕಾದ್ದನ್ನೆಲ್ಲ ಬರೆದುಕೊಂಡೆ. ನಿನ್ನ ಹೆಸರೇನು? ಯಾರ ಕಡೆಯವನು? ಬೆಳಿಗ್ಗೆಯಿಂದ ಹೊಟ್ಟೆಗೆ ಏನಾದರೂ ಬಿದ್ದಿದೆಯೇ? ಮುಂಚೆ ಕಾಯಿಲೆ ಏನಾದರೂ?

ಚೀಟಿ ಹಿಡಿದು, ಈ ಸಲ ಬೆಳಕಿರುವಾಗಲೇ ಹೋದೆ. ತಲುಪಿದ ತಕ್ಷಣ ಎಂಜಿನ್ನಿಗೆ ಅಂಗೈ ಹಿಂಭಾಗ ತಾಗಿಸಿದೆ. ಬಿಸಿ. ಬೆಳಗಿನ ಹೊತ್ತು ಗಾಡಿ ಏಳಲು ತಕರಾರು ಮಾಡುತ್ತದೆಯೋ ಇಲ್ಲವೋ ತಿಳಿಯಬೇಕಾದರೆ ಅದು ತಣ್ಣಗಿರಬೇಕು. ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚುತ್ತಿದ್ದಾರೆಂದು ಉಸ್ತಾದ್ ಹೇಳಿದ್ದರು. ಬಟ್ಟೆ ತೆಗೆದು ಹ್ಯಾಂಡಲಿನ ಕೆಳಗಿನ ಕುತ್ತಿಗೆಯನ್ನು ಒರೆಸಿದೆ. ಅಲ್ಲಿ ಕೊರೆದಿದ್ದ ಚಾಸಿ ನಂಬರು ಜೆರಾಕ್ಸಿಗೆ ಹೊಂದಿತು. ಬಗ್ಗಿ ಎಂಜಿನ್ನಿನದನ್ನು ಒರೆಸಿದೆ. ಕೊನೆಯ ಮೂರು ಅಂಕಿ ಬೇರೆ. ಅಸಲು ಆರ್‌ಸಿ ಕೇಳಿದೆ. ತಮ್ಮನ ಹತ್ತಿರ ಐತಿ ಎಂದ. ಜೆರಾಕ್ಸಿನ ಹಿಂಬದಿಯಲ್ಲಿ, ಮೊದಲ ದಿನ ನಾನು ತಿರುವಿಯೂ ನೋಡಿರದ ಕಡೆ, ಸಾಲ ಕೊಟ್ಟ ಫೈನಾನ್ಸಿನ ಹೆಸರಿತ್ತು. ಸಾಲ ತೀರಿದೆ ಎಂಬ ಕಾಗದ ಕೇಳಿದೆ. ಇರಲಿಲ್ಲ. ಬೇರೆ ರಾಜ್ಯದ ಗಾಡಿಯನ್ನು ಇಲ್ಲಿ ನನ್ನ ಹೆಸರಿಗೆ ಮಾಡಿಸಬೇಕಾದರೆ ಕಲಬುರಗಿಯ ಆರ್‌ಟಿಓದಿಂದ ಅಡ್ಡಿಯಿಲ್ಲವೆಂಬ ಪತ್ರ ಬೇಕು, ಇಲ್ಲಿನ ತೆರಿಗೆ ಕಟ್ಟಬೇಕು. ಅದೂ ಇರಲಿಲ್ಲ.

ಆತನ ಮುಖ ಸಣ್ಣದಾಯಿತು. “ನಮ್ಮೋರು ಅಂತ ಕರದ್ರ ಪೊಲೀಸರಂಗ ನಂಬರ್ ತಿಕ್ಕಿ ನೋಡಾಕತ್ತೀರಲ್ರಿ?”

ಆ ಮಾತು ನನಗೆ ನಿಜವಾಗಿಯೂ ನಾಟಿತು. ಪರೀಕ್ಷೆಗೆ ಹನ್ನೊಂದು ದಿನ, ಸೂಪರ್‌ವೈಸರ್ ಕೊಟ್ಟ ಗಡುವಿಗೆ ಹದಿನೈದು ದಿನ. ಕೈಗೆ ಸಿಗುವಂತಿದ್ದ ಗಾಡಿ ಇದೊಂದೇ. ಹೂಂ ಎಂದರೆ ನಾಳೆಯೇ ನನ್ನದು. ಆ ಹೊತ್ತಿಗೆ ಏಳನೆಯ ಮಹಡಿಯ ಆ ಮೇಡಂ ನೆನಪಾದರು. ಅವರೂ ನಮ್ಮ ಕಡೆಯವರೇ. ಹಾಗೆಂದು ಅವರ ಡಾಕ್ಟರು ನಲವತ್ತು ನಿಮಿಷ ಬಿಟ್ಟುಕೊಟ್ಟರೇ?

“ತಪ್ಪು ತಿಳೀಬ್ಯಾಡ್ರಿ. ಈ ಗಾಡಿ ನನಗ ಬ್ಯಾಡ,” ಎಂದೆ. ಚಹಾ ಬರುವುದರಲ್ಲಿತ್ತು. ಕುಡಿಯದೆ ಎದ್ದೆ. ನಮ್ಮ ಕಡೆ ಅದು ಸಣ್ಣ ಅಪಚಾರವಲ್ಲ. ಆತ ಮೋಸಗಾರನೋ, ಬೇರೆಯವರಿಂದ ತಾನೇ ಮೋಸ ಹೋದವನೋ ಇಂದಿಗೂ ನನಗೆ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಕೊಳ್ಳಲಿಲ್ಲ, ಅಷ್ಟೇ ನಾನು ಮಾಡಿದ್ದು. ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ, ಕೆಲಸ ಹೋದರೆ ಹೆಂಡತಿಗೆ ಹೇಗೆ ಹೇಳುವುದೆಂದು ಮಾತು ಜೋಡಿಸುತ್ತ ಬಂದೆ.

ಮೂರನೆಯ ಜಾಹೀರಾತನ್ನು ಹುಡುಕಿದವಳು ಹೆಂಡತಿ. ಫೋಟೊ ಮಸುಕು, ಗಾಡಿಯ ಮೇಲೆ ಧೂಳು. ಕೆಳಗೆ ಬರೆದದ್ದನ್ನು ಓದಿ ನಗುತ್ತ ಫೋನನ್ನು ನನ್ನ ಕೈಗಿಟ್ಟಳು. “ಇಂಥಾ ಹುಚ್ಚರೂ ಇರ್ತಾರೇನ್ರಿ?”

ಮಾರುವವರು ತಮ್ಮ ಗಾಡಿಯ ದೋಷಗಳನ್ನು ತಾವೇ ಒಂದರಿಂದ ಒಂಬತ್ತರವರೆಗೆ ನಂಬರು ಹಾಕಿ ಬರೆದಿದ್ದರು. ಒಂದು, ಎಡಗಡೆ ಕನ್ನಡಿ ಒಡೆದಿದೆ. ಎರಡು, ಹಿಂದಿನ ಟೈರು ಸವೆದಿದೆ, ಆರು ತಿಂಗಳಲ್ಲಿ ಬದಲಿಸಬೇಕು. ಮೂರು, ಚೈನು ಸದ್ದು ಮಾಡುತ್ತದೆ. ನಾಲ್ಕು, ಒಮ್ಮೆ ಬಲಕ್ಕೆ ಬಿದ್ದಿದೆ, ಬೀಳಿಸಿದ್ದು ನಾನೇ. ಹೀಗೆ. ಒಂಬತ್ತನೆಯದು, ಹಾರ್ನ್ ಮಳೆಗಾಲದಲ್ಲಿ ಕೇಳಿಸುವುದಿಲ್ಲ.

ಫೋನ್ ಮಾಡಿದರೆ ಎತ್ತಿದ್ದು ಹೆಣ್ಣುದನಿ. ಕೊಂಡಾಪುರದಲ್ಲೇ ಒಂದು ಐಟಿ ಕಂಪನಿಯಲ್ಲಿ ಟೆಸ್ಟಿಂಗ್ ಕೆಲಸ. ಬೇರೆಯವರು ಬರೆದ ಪ್ರೋಗ್ರಾಮಿನಲ್ಲಿ ತಪ್ಪು ಹುಡುಕಿ ಪಟ್ಟಿ ಮಾಡುವುದೇ ತಮ್ಮ ಉದ್ಯೋಗ ಎಂದರು. ನಾನು ಧೈರ್ಯ ಮಾಡಿ, ನಾಳೆ ನಾವು ಬರುವವರೆಗೆ ದಯವಿಟ್ಟು ಗಾಡಿ ಸ್ಟಾರ್ಟ್ ಮಾಡಬೇಡಿ ಎಂದೆ.

“ಯಾಕೆ?”

“ಖಾಲಿ ಹೊಟ್ಟೆಯಲ್ಲಿ ನೋಡಬೇಕು ಮೇಡಂ.” ಬಾಯಿಗೆ ಬಂದದ್ದು ನನ್ನ ಕಸುಬಿನ ಮಾತು. ಆ ಕಡೆಯಿಂದ ಜೋರು ನಗು.

ಮರುದಿನ ಹಾಡುಹಗಲಲ್ಲಿ ಉಸ್ತಾದರೊಂದಿಗೆ ಹೋದೆ. ಅಪಾರ್ಟ್‌ಮೆಂಟಿನ ಕೆಳಗಿನ ಪಾರ್ಕಿಂಗಿನಲ್ಲಿ, ವಾಚ್‌ಮನ್ನಿನ ಕಣ್ಣೆದುರೇ ಗಾಡಿ ನಿಂತಿತ್ತು. ಟ್ಯಾಂಕಿನ ಮೇಲೆ ಚೀಟಿ ಅಂಟಿಸಿದ್ದರು: ಮುಟ್ಟಬೇಡಿ, ಉಪವಾಸ. ಉಸ್ತಾದ್ ಅದನ್ನು ಓದಿಸಿಕೊಂಡು, ಗಡ್ಡ ನೀವಿಕೊಂಡು ಮನಸಾರೆ ನಕ್ಕರು. ಎಂಜಿನ್ ಮುಟ್ಟಿದೆ. ಮಣ್ಣಿನ ಹರವಿಯ ನೀರಿನಷ್ಟು ತಣ್ಣಗಿತ್ತು.

ಮೊದಲು ಹೆಸರು. ಚಾಸಿ ನಂಬರು, ಎಂಜಿನ್ ನಂಬರು, ಅಸಲು ಆರ್‌ಸಿ, ಮೂರೂ ಒಂದೇ. ಆರ್‌ಸಿಯಲ್ಲಿದ್ದ ಹೆಸರು ಅವರ ಗುರುತಿನ ಚೀಟಿಯಲ್ಲಿದ್ದ ಹೆಸರೇ. ಸಾಲವಿರಲಿಲ್ಲ. ಇನ್ಶೂರೆನ್ಸ್ ಇತ್ತು. ದಂಡ ಬಾಕಿ ಇದೆಯೇ ಎಂದು ಪೊಲೀಸರ ವೆಬ್‌ಸೈಟಿನಲ್ಲಿ ಅವರೇ ತೆಗೆದು ತೋರಿಸಿದರು. ಆಮೇಲೆ ಒದೆತ. ಮೂರನೆಯದಕ್ಕೆ ಎದ್ದಿತು. ಉಸ್ತಾದ್ ಸ್ಕ್ರೂಡ್ರೈವರಿನ ಹಿಡಿಕೆ ಕಿವಿಗೊತ್ತಿ ಕಣ್ಣು ಮುಚ್ಚಿದರು. ಹೊಗೆ ನೀಲಿಯಿಲ್ಲ, ಎಣ್ಣೆ ಸೋರಿಲ್ಲ. “ದಿಲ್ ಅಚ್ಛಾ ಐತಿ,” ಎಂದರು. ನಂತರ ಗಾಡಿಯನ್ನು ನಡುಸ್ಟ್ಯಾಂಡಿಗೆ ಏರಿಸಿ, ಮುಂದಿನ ಚಕ್ರ ಎತ್ತಿ, ಹ್ಯಾಂಡಲನ್ನು ಒಂದೇ ಬೆರಳಿನಲ್ಲಿ ಎಡಕ್ಕೆ ಬಲಕ್ಕೆ ತಿರುಗಿಸಿದರು. ನಡುವೆ ಒಂದು ಕಡೆ ಸಿಕ್ಕಿಕೊಂಡಂತಾಯಿತು. ಕುತ್ತಿಗೆಯ ಬೇರಿಂಗ್ ಹೋಗಿದೆ ಎಂದರು.

ಆ ಮೇಡಂ ಬಗ್ಗಿ ತಾವೂ ತಿರುಗಿಸಿ ನೋಡಿದರು. ಅವರ ಮುಖದಲ್ಲಿ ಕಂಡದ್ದು ಗಾಡಿಯ ಬೆಲೆ ಇಳಿಸುತ್ತಾರಲ್ಲ ಎಂಬ ಚಿಂತೆಯಲ್ಲ, ಈ ತಪ್ಪು ತಮ್ಮ ಕಣ್ಣಿಗೆ ಬೀಳದೇ ಹೋಯಿತಲ್ಲ ಎಂಬ ಅವಮಾನ. ಫೋನ್ ತೆಗೆದು ತಮ್ಮ ಪಟ್ಟಿಗೆ ಹತ್ತನೆಯದಾಗಿ ಸೇರಿಸಿದರು. ಬೇರಿಂಗಿನ ಖರ್ಚನ್ನು ನಾವು ಕೇಳುವ ಮುಂಚೆಯೇ ಬೆಲೆಯಲ್ಲಿ ಮುರಿದುಕೊಂಡರು.

ಎಲ್ಲ ಮುಗಿಯಿತು, ಕೀಲಿ ಕೊಡುತ್ತಾರೆ ಎಂದು ಕೈ ಚಾಚಿದೆ. ಅವರು ಕೀಲಿಯನ್ನು ಹಿಂದಕ್ಕೆಳೆದುಕೊಂಡು ನನ್ನ ಲೈಸೆನ್ಸ್ ಕೇಳಿದರು. ಅಲ್ಲಿಯವರೆಗೆ ಪ್ರಶ್ನೆ ಕೇಳುವುದು ನನ್ನ ಪಾಲು ಎಂದುಕೊಂಡಿದ್ದೆ. ಕಲಿಯುವವರ ಲೈಸೆನ್ಸ್ ತೋರಿಸಿದೆ.

“ಇದು ಹನ್ನೊಂದನೆಯ ದೋಷ,” ಎಂದರು, ತೆಲುಗು ಹಿಂದಿ ಬೆರೆಸಿ. “ಗಾಡಿಯದ್ದಲ್ಲ. ಇದರ ಮೇಲೆ ನೀವು ಒಬ್ಬರೇ ಓಡಿಸಿಕೊಂಡು ಹೋದರೆ, ಗಾಡಿ ಇನ್ನೂ ನನ್ನ ಹೆಸರಿನಲ್ಲಿರುವಾಗ ಏನಾದರೂ ಆದರೆ? ನನಗೆ ನಿದ್ದೆ ಬರುವುದಿಲ್ಲ.”

ನನ್ನ ಪರೀಕ್ಷೆಗೆ ಇನ್ನು ಒಂದು ವಾರವಿತ್ತು. ಪರೀಕ್ಷೆಗೆ ಗಾಡಿ ಬೇಕು, ಉಸ್ತಾದರದು ಅಲ್ಲಿ ನಡೆಯದಷ್ಟು ಹಳೆಯದು, ಈ ಗಾಡಿ ಸಿಗಲು ಪರೀಕ್ಷೆ ಪಾಸಾಗಬೇಕು. ಅಷ್ಟರಲ್ಲಿ ಬೇರೆ ಯಾರಾದರೂ ಬಂದು ಹೆಚ್ಚು ಬೆಲೆಗೆ ಕೊಂಡೊಯ್ದರೆ ಕೇಳುವವರಾರು? ಲೈಸೆನ್ಸನ್ನು ಜೇಬಿಗಿಟ್ಟುಕೊಂಡೆ. ಉಸ್ತಾದ್ ಮುಂದೆ ಬಂದು ನನ್ನ ಕಥೆಯನ್ನು, ಬಸುರಿ ಮೇಡಂ, ನಲವತ್ತು ನಿಮಿಷ, ರೂಟು, ಗಡುವು, ಎಲ್ಲವನ್ನೂ ತಮ್ಮ ದಖ್ಖನಿ ಉರ್ದುವಿನಲ್ಲಿ ಹೇಳಿಬಿಟ್ಟರು. ನನಗೆ ನಾಚಿಕೆಯಾಯಿತು, ಆದರೆ ತಡೆಯಲಿಲ್ಲ.

ಆಕೆ ಪರೀಕ್ಷೆಯ ತಾರೀಕು ಕೇಳಿ ಫೋನಿನಲ್ಲಿ ಬರೆದುಕೊಂಡರು. ಆಮೇಲೆ “ಪರ್ವಾಲೇದು” ಎಂದರು. ತೆಲುಗಿನ ಆ ಮಾತಿಗೆ ಚಿಂತೆಯಿಲ್ಲ ಬಿಡಿ ಎಂದರ್ಥ. “ಜಾಹೀರಾತು ಇವತ್ತೇ ತೆಗೆಯುತ್ತೇನೆ. ಪರೀಕ್ಷೆಯ ದಿನ ಗಾಡಿಯನ್ನು ನಾನೇ ಓಡಿಸಿಕೊಂಡು ಅಲ್ಲಿಗೆ ತರುತ್ತೇನೆ. ಪಾಸಾದರೆ ಅಲ್ಲೇ ಕಾಗದ ಮಾಡಿಸೋಣ.”

ಮುಂಗಡ ಕೊಡಲು ಹೋದೆ. ಬೇಡ ಎಂದರು. ನನ್ನಿಂದ ಒಂದು ರೂಪಾಯಿ ಪಡೆಯದೆ, ಗುರುತು ಪರಿಚಯವಿಲ್ಲದ, ಊರು ಭಾಷೆ ಯಾವುದೂ ಒಂದಲ್ಲದ ಒಬ್ಬನಿಗಾಗಿ ಒಂದು ವಾರ ಕಾಯಲು ಒಪ್ಪಿದರು. ಅಂದು ಅವರಿಗೆ ಕೈಮುಗಿದದ್ದು ಶಿಷ್ಟಾಚಾರಕ್ಕಲ್ಲ.

ಪರೀಕ್ಷೆಯ ದಿನ ಆ ಮೇಡಂ ಅರ್ಧ ದಿನ ರಜೆ ಹಾಕಿ, ಹೆಲ್ಮೆಟ್ ಹಾಕಿಕೊಂಡು ಗಾಡಿ ತಂದರು. ಆರ್‌ಟಿಓ ಅಂಗಳದಲ್ಲಿ ಎಂಟರ ಆಕಾರದ ದಾರಿ. ಕಾಲು ನೆಲಕ್ಕೆ ಮುಟ್ಟಿಸದೆ ಅದನ್ನು ಸುತ್ತಿ ಬರಬೇಕು. ನನ್ನ ಮುಂದಿನ ಇಬ್ಬರು ಕಾಲಿಟ್ಟು ವಾಪಸಾದರು. ನನ್ನ ಸರದಿ ಬಂತು. ಆ ಗಾಡಿಯ ಮೇಲೆ ನಾನು ಅದುವರೆಗೆ ಪಾರ್ಕಿಂಗಿನಲ್ಲಿ ನಾಲ್ಕು ಸುತ್ತು ಹಾಕಿದ್ದೆ, ಅಷ್ಟೆ. ಬೇರಿಂಗ್ ಎಲ್ಲಿ ಸಿಕ್ಕಿಕೊಳ್ಳುತ್ತದೆಂದು ಗೊತ್ತಿದ್ದರಿಂದ ಆ ತಿರುವಿಗೆ ಸ್ವಲ್ಪ ಮುಂಚೆಯೇ ಹ್ಯಾಂಡಲ್ ಎಳೆದುಕೊಂಡೆ. ಕ್ಲಚ್ಚನ್ನು ಸೂಜಿಯಂತೆ ಬಿಟ್ಟೆ. ಎರಡೂ ಸುತ್ತು ಮುಗಿದು ಬ್ರೇಕ್ ಹಾಕಿದಾಗ ಇನ್‌ಸ್ಪೆಕ್ಟರ್ ತಲೆಯೆತ್ತದೆ ಕಾಗದಕ್ಕೆ ಮುದ್ರೆ ಒತ್ತಿದರು. ದೂರದಲ್ಲಿ ಮೇಡಂ ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟಿದರು.

ಅಲ್ಲಿಯೇ ಮಾರಾಟದ ಎರಡು ಫಾರಂಗಳಿಗೆ ಇಬ್ಬರೂ ಸಹಿ ಹಾಕಿದೆವು. ಹಣ ಬ್ಯಾಂಕಿನ ಮೂಲಕ ಹೋಯಿತು. ಬೇರೊಂದು ಹಾಳೆಯಲ್ಲಿ ಅವರು ಗಾಡಿ ಒಪ್ಪಿಸಿದ ದಿನ, ಗಂಟೆ, ನಿಮಿಷ ಬರೆದು ನನ್ನಿಂದ ಸಹಿ ಹಾಕಿಸಿಕೊಂಡರು. ಆ ನಿಮಿಷದ ಮೇಲೆ ಗಾಡಿ ಏನು ಮಾಡಿದರೂ ಹೊಣೆ ನನ್ನದು. ನಾನೂ ಒಂದು ಪ್ರತಿ ಇಟ್ಟುಕೊಂಡೆ. ಕೊನೆಗೆ ಎರಡು ಕೀಲಿಗಳನ್ನೂ ಕೊಟ್ಟು, ಟ್ಯಾಂಕನ್ನು ಒಮ್ಮೆ ತಟ್ಟಿ, ಹಿಂದಿರುಗಿ ನೋಡದೆ ಆಟೊ ಹತ್ತಿದರು.

ಲೈಸೆನ್ಸಿನ ಕಾರ್ಡು ಅಂಚೆಯಲ್ಲಿ ಬರುವವರೆಗೆ ಗಾಡಿ ಉಸ್ತಾದರ ಶೆಡ್ಡಿನಲ್ಲಿತ್ತು. ಬೇರಿಂಗ್ ಬದಲಾಯಿತು, ಚೈನಿಗೆ ಎಣ್ಣೆ ಬಿತ್ತು. ಹಿಂದಿನ ಕ್ಯಾರಿಯರಿನ ಮೇಲೆ ನಾನು ಹೇಳದ ಒಂದು ಕೆಲಸವೂ ಆಗಿತ್ತು. ರಕ್ತ ತಿರುಗಿಸುವ ಯಂತ್ರ ಅಲುಗಬಾರದೆಂದು ಅದರ ಅಡಿಗೆ ಇಡುವ ದಪ್ಪ ರಬ್ಬರಿನ ಬಿಲ್ಲೆಗಳನ್ನು ನಾಲ್ಕು ಮೂಲೆಗೆ ಕೂರಿಸಿ, ಅದರ ಮೇಲೆ ಐಸ್ ಡಬ್ಬಿ ಕೂರುವಂತೆ ತಟ್ಟೆ ಮಾಡಿದ್ದರು. ಎಷ್ಟಾಯಿತು ಎಂದು ಕೇಳಿದೆ.

“ಮುಂದಿನ ತಿಂಗಳು ನನ್ನ ಶುಗರ್ ನೋಡು. ಹೆಸರು ಕೇಳಾಕ ಮರೀಬ್ಯಾಡ,” ಎಂದರು.

ಗಡುವಿಗೆ ಎರಡು ದಿನ ಇರುವಾಗ ಸೂಪರ್‌ವೈಸರ್ ಕಾಗದಗಳನ್ನು ನೋಡಿ ಮರುದಿನದ ಪಟ್ಟಿ ಕೊಟ್ಟರು. ಕೊಂಡಾಪುರ, ಎಂಟು ಮನೆ. ಮೊದಲ ಹೆಸರೇ ಏಳನೆಯ ಮಹಡಿಯದು.

ಆರೂವರೆಗೆ ಬೆಲ್ ಒತ್ತಿದೆ. ಅವರ ಹೊಟ್ಟೆ ಈಗ ಚೆನ್ನಾಗಿ ಮುಂದೆ ಬಂದಿತ್ತು. ಹೆಸರು ಕೇಳಿದೆ, ಹೇಳಿದರು. ಮೊದಲ ರಕ್ತ ತೆಗೆದೆ. ಮೂಗು ಹಿಂಡಿಕೊಂಡು ಆ ಸಿಹಿ ನೀರು ಕುಡಿದು, ನನ್ನ ಎದುರೇ ಫೋನಿನಲ್ಲಿ ಸರಿಯಾಗಿ ಎರಡು ಗಂಟೆ ಕಳೆದ ಮೇಲೆ ಬಡಿಯುವಂತೆ ಅಲಾರಂ ಇಟ್ಟರು. ನನ್ನ ಮೇಲೆ ನಂಬಿಕೆ ಇಲ್ಲವೆಂದಲ್ಲ. ಇದ್ದರೂ ಇಡಬೇಕಾದ್ದೇ.

ನಡುವೆ ಐದು ಮನೆ ಮುಗಿಸಿದೆ. ರಸ್ತೆಯಲ್ಲಿ ಅಗೆದಿದ್ದ ಕಡೆ ಗಾಡಿ ಹಾರಿದಾಗ ಹಿಂದೆ ಕೈಹಾಕಿ ಡಬ್ಬಿ ಮುಟ್ಟಿ ನೋಡಿದೆ. ರಬ್ಬರಿನ ಮೇಲೆ ಅದು ತಣ್ಣಗೆ ಕೂತಿತ್ತು. 

ಎರಡನೆಯ ಸಲ ಬಾಗಿಲು ತೆರೆದಾಗ ಅವರು ಗೋಡೆಯ ಗಡಿಯಾರ ನೋಡಿದರು, ನನ್ನ ಕೈಯಲ್ಲಿದ್ದ ಹೆಲ್ಮೆಟ್ ನೋಡಿದರು.

“ಗಾಡಿ ತಗೊಂಡ್ರೇನ್ರಿ?”

“ಹೂಂನ್ರಿ ಮೇಡಂ. ಭಾಳ ಮಂದಿ ಕೂಡಿ ಕೊಡಿಸ್ಯಾರ.” ಅದು ಹೌದು. ಬದನೆಕಾಯಿಯ ಮಾತಾಡಿದವಳು, ಸ್ಕ್ರೂಡ್ರೈವರ್ ಕೆಳಗಿಟ್ಟವರು, ತಮ್ಮ ಗಾಡಿಯ ಒಂಬತ್ತು ತಪ್ಪನ್ನು ಊರಿಗೆಲ್ಲ ಸಾರಿದವರು. ಈ ಮೂವರಲ್ಲಿ ಯಾರೊಬ್ಬರು ಇಲ್ಲದಿದ್ದರೂ ಆ ಹೊತ್ತಿಗೆ ನಾನು ಆ ಬಾಗಿಲಲ್ಲಿ ಇರುತ್ತಿರಲಿಲ್ಲ. “ಹೆಸರು ಹೇಳ್ರಿ,” ಎಂದೆ.

“ಈಗ ಎರಡು ತಾಸಿನ ಮುಂಚೆ ಹೇಳೀನಲ್ರಿ?”

“ಆದ್ರೂ ಹೇಳ್ರಿ.”

ನಗುತ್ತ ಹೇಳಿದರು. ಚೀಟಿಗೆ ತಾಳೆ ನೋಡಿ, ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ನರ ಹುಡುಕಿ ಸೂಜಿ ಹಾಕಿದೆ. ಟ್ಯೂಬಿಗೆ ರಕ್ತ ಇಳಿಯುತ್ತಿರುವಾಗ ಮೇಜಿನ ಮೇಲಿದ್ದ ಅವರ ಫೋನಿನ ಅಲಾರಂ ಬಡಿದುಕೊಳ್ಳತೊಡಗಿತು. ನಿಲ್ಲಿಸಲು ಅವರು ಇನ್ನೊಂದು ಕೈ ಚಾಚಿದರು.

“ಇರಲಿ ಬಿಡ್ರಿ ಮೇಡಂ,” ಎಂದೆ. “ಸ್ವಲ್ಪ ಹೊತ್ತು ಬಡಕೊಳ್ಳಲಿ.”